ಗೇರು ಕಿರುಗುಟ್ಟಿದಾಗ ಎಣ್ಣೆಯನ್ನು ದೂರುವ ಮುನ್ನ

(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ, ಬೇಸಾಯಶಾಸ್ತ್ರದವನು. ಭತ್ತದ ತೆಂಡೆ ಎಣಿಸುವುದು, ಮಣ್ಣಿನ ಹದ ನೋಡುವುದು ನನ್ನ ಕಸುಬು. ಅಂಥವನು ಟ್ರಾಕ್ಟರಿನ ಗೇರು ಪೆಟ್ಟಿಗೆಯ ವಿಚಾರ ಮಾತನಾಡಲು ಬಂದದ್ದೇಕೆ ಎಂದು ನೀವು ಕೇಳಬಹುದು. ಕಾರಣ ಸರಳ. ನಮ್ಮ ಈ ಕಡೆ ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಗದ್ದೆ ಕೆಸರು ಮಾಡಲು ಸಿಗುವ ದಿನಗಳು ಲೆಕ್ಕದವು. ಆ ದಿನಗಳಲ್ಲಿ ಟ್ರಾಕ್ಟರು ಕೊಟ್ಟಿಗೆಯಲ್ಲಿ ನಿಂತರೆ ಸಸಿಮಡಿಯಲ್ಲಿ ಅಗೆ ವಯಸ್ಸು ಮೀರುತ್ತದೆ. ಮುದಿ ಅಗೆ ನಾಟಿಯಾದ ಮೇಲೆ ತೆಂಡೆ ಕಡಿಮೆ ಒಡೆಯುತ್ತದೆ, ಇಳುವರಿ ಇಳಿಯುತ್ತದೆ. ಆಗ ರೈತರು ನನ್ನ ಬಳಿ ಬಂದು ಯಾವ ಗೊಬ್ಬರ ಹಾಕಲಿ ಎಂದು ಕೇಳುತ್ತಾರೆ. ಗೇರು ಪೆಟ್ಟಿಗೆಯಲ್ಲಿ ಕಳೆದುಕೊಂಡದ್ದನ್ನು ಯೂರಿಯಾ ಚೀಲದಿಂದ ತುಂಬಿಕೊಡಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಅದು ನಮ್ಮ ಮನೆಯದೇ ಕತೆ. ಆಲೂರು ಕಡೆ ನಮ್ಮ ಅಣ್ಣ ಬೇಸಾಯ ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ, ನಾಟಿಗೆ ವಾರವಿರುವಾಗ, ಅವರ ಟ್ರಾಕ್ಟರಿನ ಗೇರು ಹಾಕುವಾಗೆಲ್ಲ ಕಿರ್ ಎಂದು ಹಲ್ಲು ಕಡಿಯುವ ಸದ್ದು ಶುರುವಾಯಿತು. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರೆ, ಎಣ್ಣೆ ತೆಳ್ಳಗಾಗಿದೆ, ದಪ್ಪನೆಯ ನೂರಾ ನಲವತ್ತು ಹಾಕಿ, ಸದ್ದು ಅಡಗುತ್ತದೆ ಎಂದರು. ರಜೆಗೆ ಹೋಗಿದ್ದ ನಾನೂ ಪಕ್ಕದಲ್ಲಿ ನಿಂತು, ಹೌದಣ್ಣ, ಸರಿಯಾಗಿಯೇ ಹೇಳುತ್ತಿದ್ದಾರೆ ಎಂದು ತಲೆದೂಗಿದೆ. ಡಾಕ್ಟರೇಟು ಇದ್ದವನ ಮಾತು! ಅಣ್ಣ ಇದ್ದ ಒಳ್ಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಿದರು. ಎರಡು ದಿನ ಸದ್ದು ಸ್ವಲ್ಪ ಮಂದವಾದಂತೆ ಕಂಡಿತು. ಮೂರನೆಯ ದಿನದಿಂದ ಹಿಂದಿನ ಲಿಫ್ಟು ಏಳುವುದು ನಿಧಾನವಾಯಿತು. ಬ್ರೇಕು ತುಳಿದರೆ ಎಮ್ಮೆ ಗುಟುರು ಹಾಕಿದಂಥ ಸದ್ದು, ಬಂಡಿಯೆಲ್ಲ ನಡುಕ. ಬೆಳಗಿನ ತಂಪಿನಲ್ಲಂತೂ ಗೇರೇ ಬೀಳದು. ಕೊನೆಗೆ ಅನುಭವಿ ಮೇಸ್ತ್ರಿಯೊಬ್ಬರು ಬಂದು ನೋಡಿದರೆ ದೋಷವಿದ್ದದ್ದು ಕ್ಲಚ್ಚಿನ ಸರಳಿನಲ್ಲಿ. ಅದರ ಪಿನ್ನು ಸವೆದು, ಪೆಡಲಿನ ಪ್ಲೇ ಅತಿಯಾಗಿ, ಪೂರ್ತಿ ತುಳಿದರೂ ಕ್ಲಚ್ಚು ಬಿಡುತ್ತಿರಲಿಲ್ಲ. ಪಿನ್ನು ಬದಲಾಯಿಸಿ ಸರಳನ್ನು ಸರಿಮಾಡಲು ಅರ್ಧ ಗಂಟೆ ಸಾಕಾಯಿತು. ಆದರೆ ತಪ್ಪು ಎಣ್ಣೆ ತೆಗೆದು, ಒಳಗೆಲ್ಲ ಶುಚಿಮಾಡಿ, ಮತ್ತೆ ಸರಿಯಾದದ್ದನ್ನು ತುಂಬುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅತ್ತಿಗೆ ಮಾತ್ರ, ನೀನು ಭತ್ತ ನೋಡಿಕೊಳ್ಳಪ್ಪ ಎಂದರು. ಆಮೇಲೆ ನಾನು ಈ ವಿಷಯವನ್ನು ಎಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳ ಬಳಿ ಕುಳಿತು ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗೇರು ಏಕೆ ಕಿರುಗುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಗೇರು ಪೆಟ್ಟಿಗೆಯೊಳಗೆ ಎಂಜಿನ್ನಿನಿಂದ ತಿರುಗುವ ಒಂದು ದಂಡ, ಚಕ್ರದ ಕಡೆಗೆ ಹೋಗುವ ಇನ್ನೊಂದು ದಂಡ ಇರುತ್ತವೆ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗ ಹಲ್ಲಿಗೆ ಹಲ್ಲು ಕೂಡಿಸಹೋದರೆ ಅವು ಒಂದನ್ನೊಂದು ಕಡಿಯುತ್ತವೆ. ಕ್ಲಚ್ಚಿನ ಕೆಲಸ ಎಂಜಿನ್ನಿನ ಸಂಬಂಧವನ್ನು ಕಡಿಯುವುದು. ಕಡಿದ ಮೇಲೂ ಒಳಗಿನ ದಂಡ ಒಂದೆರಡು ಗಳಿಗೆ ತಿರುಗುತ್ತಲೇ ಇರುತ್ತದೆ, ಎತ್ತು ಬಿಟ್ಟ ಮೇಲೂ ಗಾಣ ಅರ್ಧ ಸುತ್ತು ಹೋದಂತೆ. ಹಳೆಯ ಟ್ರಾಕ್ಟರುಗಳಲ್ಲಿ ಗೇರೇ ಜಾರಿ ಬಂದು ಕೂಡಿಕೊಳ್ಳುವ ಏರ್ಪಾಡು. ಅನಂತರ ಬಂದವುಗಳಲ್ಲಿ ಗೇರುಗಳು ಸದಾ ಕೂಡಿಯೇ ಇದ್ದು, ನಡುವೆ ಒಂದು ಬಳೆ ಮಾತ್ರ ಜಾರುತ್ತದೆ. ಇದನ್ನು ಕಾನ್‌ಸ್ಟಂಟ್ ಮೆಶ್ ಎನ್ನುತ್ತಾರೆ. ಕಾರುಗಳಲ್ಲಿರುವಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಸಿಂಕ್ರೋಮೆಶ್ ಕೆಲವು ಹೊಸ ಮಾದರಿಗಳಲ್ಲಿ ಮಾತ್ರ ಇದೆ. ಮೊದಲ ಎರಡು ಬಗೆಯ ಬಂಡಿಗಳಲ್ಲಿ ಟ್ರಾಕ್ಟರನ್ನು ನಿಲ್ಲಿಸಿ, ಕ್ಲಚ್ಚನ್ನು ಪೂರ್ತಿ ತುಳಿದು, ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ಗೇರು ಹಾಕಬೇಕು. ಹೈ-ಲೋ ಸನ್ನೆಯನ್ನಂತೂ ಬಂಡಿ ನಿಂತಲ್ಲದೆ ಮುಟ್ಟಲೇಬಾರದು. ಕಾರು ಓಡಿಸಿ ಅಭ್ಯಾಸವಾದ ನಮ್ಮ ಹುಡುಗರು ಟ್ರಾಕ್ಟರು ಹತ್ತಿದಾಗ ಗೇರು ಕಿರುಗುಟ್ಟಿದರೆ, ಎಷ್ಟೋ ಸಲ ದೋಷ ಯಂತ್ರದ್ದಲ್ಲ.

ಕಲಿತ ಚಾಲಕನ ಕೈಯಲ್ಲೂ ಸದ್ದು ಬಂದರೆ ಪರೀಕ್ಷೆಗೆ ಉಪಕರಣ ಬೇಕಿಲ್ಲ. ಟ್ರಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಎಂಜಿನ್ನನ್ನು ಆರಿಸಿ. ಈಗ ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಒಂದು ಗೇರು ಬೀಳದಿರಬಹುದು. ಬಂಡಿಯನ್ನು ಒಂದು ಗೇಣು ಅಲುಗಿಸಿ ಮತ್ತೆ ಪ್ರಯತ್ನಿಸಿ. ಎಂಜಿನ್ನು ನಿಂತಾಗ ಸಲೀಸಾಗಿ ಬೀಳುವ ಗೇರು ಎಂಜಿನ್ನು ಓಡುವಾಗ ಕಿರುಗುಟ್ಟಿದರೆ ಸಂಶಯ ಕ್ಲಚ್ಚಿನ ಮೇಲೆ. ಪೆಡಲಿನ ಪ್ಲೇಯನ್ನು ಅಳೆದು, ನಿಮ್ಮ ಟ್ರಾಕ್ಟರಿನ ಕೈಪಿಡಿಯಲ್ಲಿ ಎಷ್ಟು ಮಿಲಿಮೀಟರು ಹೇಳಿದೆಯೋ ಅಷ್ಟಕ್ಕೆ ಹೊಂದಿಸಿ. ಪ್ಲೇ ಹೆಚ್ಚಾದರೆ ಕ್ಲಚ್ಚು ಬಿಡುವುದಿಲ್ಲ, ಗೇರು ಕಡಿಯುತ್ತದೆ. ಕಡಿಮೆಯಾದರೆ ಕ್ಲಚ್ಚು ಜಾರುತ್ತದೆ, ಪ್ಲೇಟು ಸುಡುತ್ತದೆ. ಎಂಜಿನ್ನು ನಿಂತಾಗಲೂ ಬಿಗಿಯಾಗಿಯೇ ಇದ್ದರೆ ಸನ್ನೆಯ ಕೀಲು, ಒಳಗಿನ ಫೋರ್ಕು ಇವುಗಳ ಕಡೆ ನೋಡಬೇಕು. ಹಾಕಿದ ಗೇರು ಏರಿನಲ್ಲೋ ಇಳಿಜಾರಿನಲ್ಲೋ ತಾನಾಗಿಯೇ ಕಳಚಿ ಬರುತ್ತಿದ್ದರೆ ಸ್ಪ್ರಿಂಗು, ಗುಂಡು, ಹಲ್ಲಿನ ತುದಿ ಅಥವಾ ಬೇರಿಂಗು ಸವೆದಿದೆ ಎಂದು ಅರ್ಥ. ಇದಕ್ಕೆ ಜಗತ್ತಿನ ಯಾವ ಎಣ್ಣೆಯೂ ಮದ್ದಲ್ಲ. ಅಂಥ ಬಂಡಿಯನ್ನು ನಮ್ಮ ಗುಡ್ಡದ ದಾರಿಯಲ್ಲಿ ಒಂದು ದಿನವೂ ಓಡಿಸಬೇಡಿ.

ಹಾಗಾದರೆ ಎಣ್ಣೆಯ ಪಾಲೆಲ್ಲಿ? ಬೆಳಿಗ್ಗೆ ಬಿಗಿಯಾಗಿದ್ದು, ಅರ್ಧ ಗಂಟೆ ಓಡಿದ ಮೇಲೆ ಸಲೀಸಾಗುವ ಗೇರಿನಲ್ಲಿ ಎಣ್ಣೆಯ ಪಾಲು ಇದ್ದೀತು. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿ ಮುಂಜಾವಿನ ಚಳಿಯಲ್ಲಿ ದಪ್ಪ ಎಣ್ಣೆ ಜೋನಿಬೆಲ್ಲದಂತಾಗುತ್ತದೆ. ಜಾರಬೇಕಾದ ಬಳೆಯನ್ನು ಅದು ಹಿಡಿದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಸನ್ನೆಯನ್ನು ಗುದ್ದಿ ಹಾಕದೆ, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಐದು ನಿಮಿಷ ನಿಧಾನವಾಗಿ ಓಡಬಿಟ್ಟು ಮುಂದುವರಿಯುವುದು ಲೇಸು.

ಇನ್ನು ಎಣ್ಣೆಯ ಡಬ್ಬಿಯ ಮೇಲಿನ ಅಂಕೆಗಳು. ಇವುಗಳಲ್ಲಿ ಆಗುವಷ್ಟು ಗೊಂದಲ ಇನ್ನೆಲ್ಲೂ ಇಲ್ಲ. ಎಸ್‌ಎಇ 90 ಎಂಬ ಗೇರು ಎಣ್ಣೆಯು ಎಂಜಿನ್ನಿಗೆ ಹಾಕುವ ಎಸ್‌ಎಇ 40ಕ್ಕಿಂತ ಎರಡು ಪಟ್ಟು ದಪ್ಪ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಎಂಜಿನ್ ಎಣ್ಣೆಗೆ ಒಂದು ಅಳತೆಗೋಲು, ಗೇರು ಎಣ್ಣೆಗೆ ಬೇರೊಂದು. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಪಾವಿನಲ್ಲಿ ಅಳೆದಂತೆ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದು ನೋಡಿದರೆ 90ರ ಗೇರು ಎಣ್ಣೆಯು 40 ಅಥವಾ 50ರ ಎಂಜಿನ್ ಎಣ್ಣೆಯ ಆಸುಪಾಸಿನಲ್ಲಿಯೇ ಇರುತ್ತದೆ. 140 ಮಾತ್ರ ನಿಜವಾಗಿಯೂ ದಪ್ಪ. 80ಡಬ್ಲ್ಯು-90 ಎಂದು ಬರೆದಿದ್ದರೆ, ಚಳಿಯಲ್ಲಿ ಅದು 80ರ ದರ್ಜೆಯಂತೆ ಹರಿಯುತ್ತದೆ, ಕಾದಾಗ 90ರಂತೆ ನಿಲ್ಲುತ್ತದೆ ಎಂದರ್ಥ.

ಆದರೆ ದಪ್ಪವೊಂದೇ ಎಣ್ಣೆಯ ಗುಣವಲ್ಲ. ನಮ್ಮ ಅಣ್ಣನ ಬಂಡಿಯಲ್ಲಿ ಆದ ಅನಾಹುತಕ್ಕೆ ಇದನ್ನು ಅರಿಯದಿದ್ದುದೇ ಕಾರಣ. ಅಂಗಡಿಗೆ ಹೋಗುವ ಮುನ್ನ ನಿಮ್ಮ ಟ್ರಾಕ್ಟರಿನ ಪೆಟ್ಟಿಗೆಯೊಳಗೆ ಆ ಎಣ್ಣೆ ಏನೇನು ಕೆಲಸ ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಹಳೆಯ ಕಾಲದ ಒಣ ಬ್ರೇಕಿನ ಬಂಡಿಗಳಲ್ಲಿ ಅದರ ಮುಖ್ಯ ಕೆಲಸ ಹಲ್ಲುಗಳನ್ನು ಕಾಯುವುದು. ಈಗಿನ ಬಹುಪಾಲು ಟ್ರಾಕ್ಟರುಗಳಲ್ಲಿ ಬ್ರೇಕಿನ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಅನೇಕ ಮಾದರಿಗಳಲ್ಲಿ ಲಿಫ್ಟು ಎತ್ತುವ ಪಂಪು ಕೂಡ ಅದೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಅಂದರೆ ಒಂದೇ ಎಣ್ಣೆ ಹಲ್ಲಿಗೆ ಜಾರಿಕೆ ಕೊಡಬೇಕು, ಬ್ರೇಕಿಗೆ ಹಿಡಿತ ಬಿಡಬೇಕು, ಪಂಪಿಗೆ ಸುಲಭವಾಗಿ ಹರಿಯಬೇಕು. ಈ ಮೂರೂ ಕೆಲಸಕ್ಕೆ ಹದಮಾಡಿದ ಎಣ್ಣೆಯನ್ನು ಯುಟಿಟಿಒ ಎಂದೋ, ವೆಟ್ ಬ್ರೇಕ್ ಆಯಿಲ್ ಎಂದೋ, ಟ್ರಾನ್ಸ್‌ಮಿಷನ್-ಹೈಡ್ರಾಲಿಕ್ ಆಯಿಲ್ ಎಂದೋ ಮಾರುತ್ತಾರೆ. ಇಂಥ ಬಂಡಿಗೆ ಲಾರಿಯ ಹಿಂದಿನ ಆಕ್ಸಲಿಗೆ ಹಾಕುವ ಇಪಿ 90 ಅಥವಾ 140 ಸುರಿದರೆ ಬ್ರೇಕಿನ ತಟ್ಟೆಗಳು ಸಮನಾಗಿ ಹಿಡಿಯದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗುಟುರು ಹಾಕುತ್ತವೆ. ದಪ್ಪ ಎಣ್ಣೆಯನ್ನು ಎಳೆಯಲಾರದೆ ಪಂಪು ಸೊರಗುತ್ತದೆ. ಅಣ್ಣನ ಬಂಡಿಯ ಗುಟುರು ಮತ್ತು ಸೋಮಾರಿ ಲಿಫ್ಟು ಎರಡಕ್ಕೂ ಇದೇ ಮೂಲ. ಬಯಲಿನಲ್ಲಿ ಇದು ಬರಿಯ ಕಿರಿಕಿರಿಯಾದೀತು. ಬಿಸಲೆ ಕಡೆಯ ಇಳಿಜಾರಿನಲ್ಲಿ ಹಿಂದೆ ಚೀಲ ತುಂಬಿದ ಟ್ರೈಲರಿದ್ದಾಗ ಹಿಡಿಯದ ಬ್ರೇಕು ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತೂ ಇರುತ್ತದೆ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ವರ್ಗೀಕರಣ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂದು ಲೆಕ್ಕ ಹಾಕಬಾರದು. ಜಿಎಲ್-5ರಲ್ಲಿ ಭಾರೀ ಒತ್ತಡ ತಡೆಯುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಲಾರಿ, ಜೀಪುಗಳ ಹಿಂದಿನ ಆಕ್ಸಲಿಗೆ ಅದು ತಕ್ಕದ್ದು. ಆದರೆ ಸಿಂಕ್ರೋಮೆಶ್ ಪೆಟ್ಟಿಗೆಯಲ್ಲಿರುವ ಹಿತ್ತಾಳೆ, ಕಂಚಿನ ಉಂಗುರಗಳನ್ನು ಅಂಥ ಕೆಲವು ಎಣ್ಣೆಗಳು ಕಾಲಕ್ರಮದಲ್ಲಿ ತಿನ್ನುತ್ತವೆ. ಆ ಉಂಗುರಗಳು ತಿಕ್ಕಾಟದಿಂದಲೇ ವೇಗ ಹೊಂದಿಸುವುದರಿಂದ, ಅತಿ ಜಾರಿಕೆಯ ಎಣ್ಣೆಯಲ್ಲಿ ಗೇರು ಬೀಳುವುದೂ ಕಷ್ಟವಾಗುತ್ತದೆ. ಕೈಪಿಡಿ ನಾಲ್ಕು ಎಂದರೆ ನಾಲ್ಕನ್ನೇ ತನ್ನಿ.

ಕೈಪಿಡಿ ಕಳೆದುಹೋಗಿದೆ ಎನ್ನುವವರೇ ಹೆಚ್ಚು. ಹೊಸ ಬಂಡಿಯಾದರೆ ವ್ಯಾಪಾರಿಯಿಂದ ಇನ್ನೊಂದು ಪ್ರತಿ ಕೇಳಿ ಪಡೆಯಬಹುದು. ಕಷ್ಟವಿರುವುದು ಹಳೆಯ ಬಂಡಿಗಳದ್ದು. 1971ರಲ್ಲಿ ಝೆಟಾರ್ ಸಹಯೋಗದಿಂದ ಪಿಂಜೋರಿನಲ್ಲಿ ಆರಂಭವಾದ ಎಚ್‌ಎಂಟಿ ಟ್ರಾಕ್ಟರು ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಅಂಥ ಗಟ್ಟಿಮುಟ್ಟಾದ ಬಂಡಿಗಳನ್ನು ಇಟ್ಟುಕೊಂಡವರು ಅದೇ ಮಾದರಿಯನ್ನು ಬಿಚ್ಚಿ ಜೋಡಿಸಿ ಬಲ್ಲ ಮೇಸ್ತ್ರಿಯನ್ನು ಕೇಳಿ, ಒಣ ಬ್ರೇಕೋ ಎಣ್ಣೆ ಬ್ರೇಕೋ, ಲಿಫ್ಟಿಗೆ ಬೇರೆ ತೊಟ್ಟಿ ಇದೆಯೋ ಎಂಬುದನ್ನು ಖಚಿತಪಡಿಸಿಕೊಂಡು, ಎಣ್ಣೆಯ ಹೆಸರನ್ನು ಮಡ್‌ಗಾರ್ಡಿನ ಒಳಬದಿಗೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಗ ಓಡಿಸಿದರೂ ಆಳು ಓಡಿಸಿದರೂ ಅದು ಕಣ್ಣಿಗೆ ಬೀಳುತ್ತದೆ.

ಈಗ ನಮ್ಮ ಮಲೆನಾಡಿನ ಮುಖ್ಯ ಶತ್ರುವಿನ ವಿಚಾರ: ನೀರು. ಬಯಲುಸೀಮೆಯ ಟ್ರಾಕ್ಟರಿಗೆ ಧೂಳಿನ ಭಯ, ನಮ್ಮದಕ್ಕೆ ನೀರಿನದು. ಗಂಟೆಗಟ್ಟಲೆ ಕೆಸರು ಮಾಡಿದಾಗ ಗೇರು ಪೆಟ್ಟಿಗೆ ಕಾದಿರುತ್ತದೆ. ಊಟದ ಹೊತ್ತಿಗೆ ಅದನ್ನು ಗದ್ದೆಯ ನೀರಿನಲ್ಲೇ ನಿಲ್ಲಿಸಿ ಬಿಟ್ಟರೆ ಪೆಟ್ಟಿಗೆ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಪೆಟ್ಟಿಗೆಯ ಮೇಲಿರುವ ಉಸಿರುಕೊಳವೆ ಕೆಸರಿನಿಂದ ಮುಚ್ಚಿದ್ದರೆ ಗಾಳಿಯ ಬದಲು ಆಕ್ಸಲಿನ ಸೀಲಿನ ಸಂದಿಯಿಂದ ನೀರು ನುಗ್ಗುತ್ತದೆ. ಗೇರು ಸನ್ನೆಯ ಬುಡದ ರಬ್ಬರು ಹರಿದಿದ್ದರೆ ಮಳೆಯ ನೀರು ನೇರವಾಗಿ ಇಳಿಯುತ್ತದೆ. ಆ ರಬ್ಬರಿನ ಬೆಲೆ ಅಲ್ಪ, ಅದನ್ನು ಬದಲಾಯಿಸುವವರು ಇನ್ನೂ ಅಲ್ಪ. ಮಳೆ ನಿಂತ ಮೇಲೆ ಹಾಕೋಣ ಎನ್ನುತ್ತಾರೆ. ನಮ್ಮಲ್ಲಿ ಮಳೆ ನಿಲ್ಲುವುದು ಯಾವಾಗ?

ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಳತೆ ಕಡ್ಡಿಯಲ್ಲಿ ಈ ಬಣ್ಣ ಕಂಡರೆ ಎಣ್ಣೆ ಹೆಚ್ಚಾಗಿದೆ ಎಂದು ಸಂತೋಷಪಡಬೇಡಿ. ಸಂಶಯವಿದ್ದರೆ ಬಿಸಿ ಕಾವಲಿಯ ಮೇಲೆ ಎರಡು ಹನಿ ಹಾಕಿ, ಸ್ವಲ್ಪ ದೂರ ನಿಂತು ನೋಡಿ. ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ. ಇನ್ನೊಂದು ವಿಧಾನ, ಗಾಜಿನ ಸೀಸೆಯಲ್ಲಿ ಸ್ವಲ್ಪ ಎಣ್ಣೆ ತೆಗೆದು ರಾತ್ರಿಯೆಲ್ಲ ಅಲುಗಿಸದೆ ಇಡುವುದು. ತಳದಲ್ಲಿ ನೀರು ಬೇರ್ಪಟ್ಟು ಕಾಣಿಸಬಹುದು, ಆದರೆ ಈಗಿನ ಎಣ್ಣೆಗಳು ಸ್ವಲ್ಪ ನೀರನ್ನು ತಮ್ಮೊಳಗೇ ಹಿಡಿದಿಡುವುದರಿಂದ ಕಾವಲಿಯ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ. ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗು ತುಕ್ಕು ಹಿಡಿಯುತ್ತದೆ, ಬ್ರೇಕಿನ ತಟ್ಟೆಯ ಪದರ ಹಾಳಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಅವಧಿ ಬಾಕಿ ಇದೆ ಎಂದು ಕಾಯದೆ ಬದಲಾಯಿಸಲೇಬೇಕು. ಬಸಿಯುವಾಗ ಎಣ್ಣೆ ಬೆಚ್ಚಗಿರಲಿ. ತಳದ ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಿನಿಂದ ಉಜ್ಜಿ ನೋಡಿ. ಕಾಡಿಗೆಯಂಥ ನುಣುಪು ಪುಡಿ ಸಹಜ ಸವೆತ. ಚೂರು, ಚಕ್ಕೆ ಸಿಕ್ಕಿದರೆ ಹೊಸ ಎಣ್ಣೆ ತುಂಬುವ ಮುನ್ನ ಮೇಸ್ತ್ರಿಯನ್ನು ಕರೆಯಿರಿ. ಫಿಲ್ಟರನ್ನೂ ಜೊತೆಗೇ ಬದಲಾಯಿಸಿ. ಎಣ್ಣೆಯ ಮಟ್ಟವನ್ನು ಸಮನೆಲದಲ್ಲಿ, ಲಿಫ್ಟು ಇಳಿಸಿ ನೋಡಬೇಕು. ತೋಟದ ದಾರಿಯ ಓರೆಯಲ್ಲಿ ನಿಲ್ಲಿಸಿ ನೋಡಿದ ಅಳತೆ ಸುಳ್ಳು ಹೇಳುತ್ತದೆ. ಮಟ್ಟ ಕಡಿಮೆಯಿದ್ದರೆ ಏರಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಕುಡಿಯುತ್ತದೆ, ಲಿಫ್ಟು ನಡುಗುತ್ತದೆ.

ಕೊನೆಗೆ ಇಳಿಜಾರು. ಗೇರನ್ನು ಇಳಿಯುವ ಮುನ್ನ ಆರಿಸಬೇಕು, ಇಳಿಯುತ್ತಾ ಅಲ್ಲ. ಯಾವ ಗೇರಿನಲ್ಲಿ ಆ ಭಾರದೊಂದಿಗೆ ಏರು ಹತ್ತಬಹುದೋ ಅದೇ ಗೇರಿನಲ್ಲಿ, ಅಥವಾ ಇನ್ನೂ ಕೆಳಗಿನದರಲ್ಲಿ ಇಳಿಯಬೇಕು. ನಮ್ಮ ಬಹುತೇಕ ಟ್ರೈಲರುಗಳಿಗೆ ಸ್ವಂತ ಬ್ರೇಕಿಲ್ಲ. ಅಷ್ಟು ಭಾರವನ್ನು ಹಿಡಿಯಬೇಕಾದದ್ದು ಟ್ರಾಕ್ಟರಿನ ಬ್ರೇಕು ಮತ್ತು ಎಂಜಿನ್ನು. ನಡುದಾರಿಯಲ್ಲಿ ಗೇರು ಬದಲಾಯಿಸಲು ಕ್ಲಚ್ಚು ತುಳಿದ ಕ್ಷಣವೇ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಬಂಡಿ ವೇಗ ಹಿಡಿಯುತ್ತದೆ. ಆ ವೇಗದಲ್ಲಿ ಕೆಳಗಿನ ಗೇರು ಕಿರುಗುಟ್ಟುತ್ತದೆಯೇ ಹೊರತು ಬೀಳುವುದಿಲ್ಲ. ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡ ಟ್ರಾಕ್ಟರು ಆಮೇಲೆ ಯಾರ ಮಾತನ್ನೂ ಕೇಳದು. ಡೀಸೆಲ್ ಉಳಿಸಲೆಂದು ಬೇಕೆಂದೇ ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ಅವರ ಲೆಕ್ಕವೇ ತಪ್ಪು. ಗೇರಿನಲ್ಲಿದ್ದು ಆಕ್ಸಲರೇಟರು ಬಿಟ್ಟು ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಗವರ್ನರು ಡೀಸೆಲ್ಲನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ನು ಆರದಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಇನ್ನು, ಗದ್ದೆಯಲ್ಲಿ ತಿರುಗಿಸಲು ಬೇರ್ಪಡಿಸಿದ ಎಡ-ಬಲ ಬ್ರೇಕು ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಕೂಡಿಸಿರಬೇಕು. ಒಂದೇ ಬದಿಯ ಬ್ರೇಕು ಹಿಡಿದರೆ ಬಂಡಿ ಮಗುಚುತ್ತದೆ.

ಪವರ್ ಟಿಲ್ಲರು ಇಟ್ಟುಕೊಂಡವರಿಗೆ ಒಂದು ಮಾತು ಸೇರಿಸುತ್ತೇನೆ. ತುಂಡು ಗದ್ದೆಗಳ ನಮ್ಮ ಕಡೆ ಅದರ ಉಪಯೋಗ ಹೆಚ್ಚು. ಸಮನೆಲದಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ಚು ಹಿಡಿದರೆ ಟಿಲ್ಲರು ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಅದೇ ಕ್ಲಚ್ಚು ಹಿಡಿದರೆ ಎಡ ಚಕ್ರ ಎಂಜಿನ್ನಿನ ತಡೆ ಕಳೆದುಕೊಂಡು ಮುಂದೆ ಓಡುತ್ತದೆ, ಯಂತ್ರ ಬಲಕ್ಕೆ ಹೊರಳುತ್ತದೆ. ಇದನ್ನು ತಿಳಿಯದ ಹೊಸಬರು ಬದುವಿನ ಕಡೆಗೆ ತಿರುಗಿಸಲು ಹೋಗಿ ಹಳ್ಳದ ಕಡೆಗೆ ಹೋಗುತ್ತಾರೆ. ಇಳಿಜಾರಿನಲ್ಲಿ ಆ ಹಿಡಿಗಳನ್ನು ಮುಟ್ಟದೆ, ಅತಿ ಕೆಳಗಿನ ಗೇರಿನಲ್ಲಿ, ಹ್ಯಾಂಡಲನ್ನು ತೋಳಿನ ಬಲದಿಂದಲೇ ಸರಿಸಿ ಇಳಿಸಬೇಕು.

ಸಭೆಯ ಕೊನೆಯಲ್ಲಿ ಹಿರಿಯರೊಬ್ಬರು, ಬಸಿದ ಹಳೆಯ ಎಣ್ಣೆಯನ್ನು ಏನು ಮಾಡುವುದು, ಬೇಲಿ ಗೂಟಗಳಿಗೆ ಬಳಿಯಬಹುದೇ ಎಂದು ಕೇಳಿದರು. ಗೆದ್ದಲು ತಡೆಯಲೆಂದು ಅನೇಕರು ಹಾಗೆ ಮಾಡುತ್ತಾರೆ ನಿಜ, ಆದರೆ ನಮ್ಮ ಮಳೆಗೆ ಅದು ತೊಳೆದು ಮಣ್ಣಿಗೆ ಸೇರುತ್ತದೆ. ಹಳ್ಳಕ್ಕೆ ಚೆಲ್ಲಿದರೆ ಗದ್ದೆಯ ನೀರಿನ ಮೇಲೆ ಪದರ ಕಟ್ಟಿ, ಕೊನೆಗೆ ಹೇಮಾವತಿಗೆ ಸೇರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಮರುಶುದ್ಧೀಕರಣಕ್ಕೆ ಕೊಳ್ಳುವ ಅಧಿಕೃತ ವ್ಯಾಪಾರಿಗೆ ಕೊಡುವುದು ಸರಿಯಾದ ದಾರಿ. ಒಬ್ಬೊಬ್ಬರ ಬಳಿ ಇರುವುದು ಸ್ವಲ್ಪವಾದ್ದರಿಂದ, ಊರಿನ ನಾಲ್ಕಾರು ಟ್ರಾಕ್ಟರಿನವರು ಒಂದೇ ಪೀಪಾಯಿಯಲ್ಲಿ ಕೂಡಿಹಾಕಿದರೆ ಕೊಳ್ಳುವವರೂ ಬರುತ್ತಾರೆ.